ನಾಲ್ಕು ತಾಳಿನ ಕೂರಿಗೆ, ಎಂಟು ತಾಳಿನ ಕೂರಿಗೆ

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ನನ್ನ ಗೆಳೆಯನ ದಲಾಲಿ ಅಂಗಡಿ ಇದೆ. ಮೆಕ್ಕೆಜೋಳದ ಸೀಸನ್ನಿನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಗಡಿಯ ಅಟ್ಟದ ಮೇಲೆ, ಗೋಣಿಚೀಲದ ಧೂಳಿನ ನಡುವೆ, ಒಂದು ಕಪ್ಪು ಪೆಟ್ಟಿಗೆ ಹಗಲು ರಾತ್ರಿ ಓಡುತ್ತಿರುತ್ತದೆ. ಅದೇ ಅವರ ಸರ್ವರ್. ರೈತರ ಪಟ್ಟಿ, ತೂಕದ ಚೀಟಿ, ಜಿಎಸ್‌ಟಿ ಫೈಲು ಎಲ್ಲ ಅದರೊಳಗೆ. ಕೆಳಗಿನ ಮೂರು ಕಂಪ್ಯೂಟರುಗಳು ಅದರಿಂದಲೇ ಲೆಕ್ಕ ತೆಗೆಯುತ್ತವೆ.

ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್, ತುಂಬಾ ಹಳೆಯದು. ಸುರಕ್ಷತಾ ಅಪ್‌ಡೇಟ್ ಬರುವುದು ನಿಂತು ಬಹಳ ದಿನವಾಗಿತ್ತು. ಹೋದ ತಿಂಗಳು ಗೆಳೆಯ ಫೋನ್ ಮಾಡಿದ. "ಹೊಸದು ಹಾಕೋಣ ಅಂತ ನೋಡಿದೆ. ಐ386 ಅಂತ ಒಂದಿದೆ, ಎಎಂಡಿ64 ಅಂತ ಒಂದಿದೆ, ಎಆರ್‌ಎಂ64 ಅಂತ ಇನ್ನೊಂದು. ನಮ್ಮದು ಇಂಟೆಲ್ ಕಣಪ್ಪಾ, ಅದೂ ಹಳೇ 32 ಬಿಟ್ಟಿಂದು. ಗುಜರಿಗೆ ಹಾಕಿ ಹೊಸ ಮಷೀನ್ ತರಲಾ?"

ಗುಜರಿಗೆ ಹಾಕುವ ಮುಂಚೆ ಒಂದು ಸಲ ನೋಡೋಣ ಅಂತ ಹೋದೆ. ಲಿನಕ್ಸಿನಲ್ಲಿ ಪ್ರೊಸೆಸರಿನ ಜಾತಕ ತೋರಿಸುವ ಒಂದು ಫೈಲು ಇರುತ್ತದೆ. ಅದರಲ್ಲಿ 'ಫ್ಲ್ಯಾಗ್ಸ್' ಎಂಬ ಉದ್ದ ಸಾಲು. ಆ ಚಿಪ್‌ಗೆ ಗೊತ್ತಿರುವ ಒಂದೊಂದು ವಿದ್ಯೆಗೂ ಅಲ್ಲಿ ಒಂದೊಂದು ಪುಟ್ಟ ಹೆಸರು. ನಾನು ಹುಡುಕಿದ್ದು 'ಎಲ್‌ಎಂ' ಎಂಬ ಎರಡೇ ಅಕ್ಷರ. ಲಾಂಗ್ ಮೋಡ್, ಅಂದರೆ ಈ ಚಿಪ್‌ಗೆ 64 ಬಿಟ್ ಬರುತ್ತದೆ ಎಂದು. ಸಿಕ್ಕಿತು. ಅದು ಕೋರ್ 2 ಡ್ಯುಯೊ. ಹುಟ್ಟಿದಾಗಿನಿಂದಲೂ 64 ಬಿಟ್ ಚಿಪ್ಪೇ. ಮೊದಲ ಸಲ ಹಾಕಿದವರು 32 ಬಿಟ್ ಲಿನಕ್ಸ್ ಹಾಕಿದ್ದರು, ಅಷ್ಟೇ. ಅದಾದ ಮೇಲೆ ಯಾರೂ ಆ ಚಿಪ್ಪನ್ನು ಕೇಳಿರಲಿಲ್ಲ.

ಪ್ರೊಸೆಸರಿನ 'ಆರ್ಕಿಟೆಕ್ಚರ್' ಎಂದರೆ ಆ ಚಿಪ್‌ಗೆ ಅರ್ಥವಾಗುವ ಆದೇಶಗಳ ಪಟ್ಟಿ. ಕೂಡು, ಕಳೆ, ಈ ಜಾಗದಿಂದ ಎತ್ತಿ ಆ ಜಾಗಕ್ಕೆ ಇಡು, ಇಂಥವು. ನಾವು ಡೌನ್‌ಲೋಡ್ ಮಾಡುವ ಆಪರೇಟಿಂಗ್ ಸಿಸ್ಟಮ್ ಈ ಆದೇಶಗಳ ರೂಪದಲ್ಲೇ ತಯಾರಾಗಿ ಬಂದಿರುತ್ತದೆ. ಗೊತ್ತಿಲ್ಲದ ಆದೇಶ ಒಂದೇ ಒಂದು ಬಂದರೂ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಚಿಪ್ ಸುಮ್ನೆ ಊಹೆ ಮಾಡಿ ಮುಂದೆ ಹೋಗುವುದಿಲ್ಲ. ಅದಕ್ಕೇ ಯಂತ್ರ ಯಾವ ವರ್ಷದ್ದು ಎಂದು ಕೇಳಿದರೆ ಸಾಲದು. ಅದಕ್ಕೆ ಏನೇನು ಬರುತ್ತದೆ ಎಂದು ಕೇಳಬೇಕು.

ಈ ಹೆಸರುಗಳ ಗೊಂದಲಕ್ಕೆ ಒಂದು ಇತಿಹಾಸವಿದೆ. 1978ರಲ್ಲಿ ಇಂಟೆಲ್ 8086 ಎಂಬ 16 ಬಿಟ್ ಚಿಪ್ ತಂದಿತು. 1985ರಲ್ಲಿ ಅದೇ ವಂಶದ 386 ಬಂತು, ಅದು 32 ಬಿಟ್. ಐ386 ಎಂಬ ಹೆಸರು ಅಲ್ಲಿಯದು. ಮೆಮೊರಿಯ ಪ್ರತಿ ಬೈಟ್‌ಗೂ ಮನೆ ನಂಬರಿನ ಹಾಗೆ ಒಂದು ನಂಬರ್ ಬೇಕು. 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಎಂಬ 32 ಅಂಕಿಗಳಲ್ಲಿ, ಬರೆಯಲು ಸಿಗುವುದು 4,29,49,67,296 ನಂಬರ್ ಮಾತ್ರ. ನಾವು 4 ಜಿಬಿ ಎನ್ನುವುದು ಇದನ್ನೇ. ಆಮೇಲೆ ಬಂದ ಚಿಪ್‌ಗಳಲ್ಲಿ ಒಂದು ಉಪಾಯ ಮಾಡಿ ಇದಕ್ಕಿಂತ ಜಾಸ್ತಿ ಮೆಮೊರಿ ಹಾಕಲು ಅವಕಾಶ ಕೊಟ್ಟರು. ಆದರೂ ಒಂದೊಂದು ಪ್ರೋಗ್ರಾಂಗೆ ಕಾಣುವುದು ಆ 4 ಜಿಬಿಯೊಳಗಿನ ಜಾಗವೇ.

64 ಬಿಟ್‌ಗೆ ಹೋಗುವಾಗ ಇಂಟೆಲ್ ಇಟೇನಿಯಂ ಎಂಬ ಪೂರ್ತಿ ಹೊಸ ದಾರಿ ಹಿಡಿಯಿತು. 2001ರಲ್ಲಿ ಬಂದ ಆ ಚಿಪ್‌ನಲ್ಲಿ ಹಳೆಯ ಸಾಫ್ಟ್‌ವೇರ್ ತುಂಬಾ ನಿಧಾನವಾಗಿ ಓಡುತ್ತಿತ್ತು. ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿ ಬೇರೆ ರೀತಿ ಯೋಚಿಸಿತು. ಹಳೆಯ ಆದೇಶಗಳನ್ನೆಲ್ಲ ಇಟ್ಟುಕೊಂಡು, ಅದರ ಮೇಲೆ 64 ಬಿಟ್ ಸೇರಿಸಿ 2003ರ ಏಪ್ರಿಲ್‌ನಲ್ಲಿ ಆಪ್ಟೆರಾನ್ ಚಿಪ್ ತಂದಿತು. ಕೊಂಡವರು ಹಳೆಯದನ್ನು ಬಿಸಾಡಬೇಕಾಗಿರಲಿಲ್ಲ. ಮರುವರ್ಷ ಇಂಟೆಲ್ ಕೂಡ ಅದೇ ದಾರಿಗೆ ಬಂತು. ಹಾಗಾಗಿ ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಎಲ್ಲ 64 ಬಿಟ್ ಪಿಸಿಗಳ ಆವೃತ್ತಿಗೂ ಎಎಂಡಿ64 ಎಂದೇ ಹೆಸರು. ಇಂಟೆಲ್ ಚಿಪ್ ಇರುವವರೂ ಅದನ್ನೇ ಹಾಕಬೇಕು. ಎಷ್ಟು ಜನ ಈ ಹೆಸರು ನೋಡಿ ಹಿಂದೆ ಸರಿದು ಐ386 ಹಾಕಿಕೊಂಡರೋ ಏನೋ. ನನ್ನ ಗೆಳೆಯನ ಅಂಗಡಿಯಲ್ಲೂ ಹೀಗೇ ಆಗಿರಬೇಕು.

64 ಬಿಟ್ ಎಂದ ತಕ್ಷಣ ಪ್ರಶ್ನೆ ಮುಗಿಯುವುದಿಲ್ಲ. ಈಗ ಅದರೊಳಗೇ ಹಳೆಯದು, ಹೊಸದು ಎಂಬ ಮೆಟ್ಟಿಲುಗಳಿವೆ. ನನಗೆ ಇದು ಅರ್ಥವಾದದ್ದು ಕೂರಿಗೆಯಿಂದ.

ಜಗಳೂರು ಕಡೆಯ ಖುಷ್ಕಿ ಹೊಲಗಳಲ್ಲಿ ಬೆಳೆದವರಿಗೆ ಕೂರಿಗೆ ಗೊತ್ತು. ಬಟ್ಟಲಿಗೆ ಹಾಕಿದ ಬೀಜ ಕೊಳವೆಗಳಲ್ಲಿ ಇಳಿದು, ಒಂದೊಂದು ತಾಳಿನ ಹಿಂದೆ ಒಂದೊಂದು ಸಾಲಾಗಿ ಬೀಳುತ್ತದೆ. ಎತ್ತು ಹೋಗುವುದು ಒಂದೇ ಸಲ. ನಾಲ್ಕು ತಾಳಿದ್ದರೆ ನಾಲ್ಕು ಸಾಲು ಬಿತ್ತನೆ ಮುಗಿದಿರುತ್ತದೆ. ಈ ವಂಶದಲ್ಲಿ 2003ರಲ್ಲಿ ಬಂದ ಮೊದಲ 64 ಬಿಟ್ ಚಿಪ್‌ಗಳಲ್ಲಿ ಎಸ್‌ಎಸ್‌ಇ2 ಎಂಬ ಆದೇಶಗಳ ಗುಂಪಿತ್ತು. ಅದರ ಅಗಲ 128 ಬಿಟ್. 32 ಬಿಟ್‌ನ ನಾಲ್ಕು ಸಂಖ್ಯೆಗಳನ್ನು ಒಂದೇ ಆದೇಶದಲ್ಲಿ ಕೂಡಬಹುದು. ನಾಲ್ಕು ತಾಳಿನ ಕೂರಿಗೆ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಚಿಪ್‌ಗಳ ಜೊತೆ ಎವಿಎಕ್ಸ್2 ಬಂತು. ಅಗಲ 256 ಬಿಟ್. ಎಂಟು ತಾಳು.

ಹೀಗೆ ಬಂದ ವಿದ್ಯೆಗಳನ್ನು 2020ರಲ್ಲಿ ಎಎಂಡಿ, ಇಂಟೆಲ್ ಮತ್ತು ಲಿನಕ್ಸ್ ಕಂಪನಿಗಳಾದ ರೆಡ್ ಹ್ಯಾಟ್, ಸುಸೆ ಸೇರಿ ಮೆಟ್ಟಿಲುಗಳಾಗಿ ಜೋಡಿಸಿದರು. 2003ರದ್ದು ವಿ1. ಸುಮಾರು 2008ರ ನೆಹಲೆಮ್ ಚಿಪ್‌ನಿಂದ ಈಚೆಯದು ವಿ2. ಹ್ಯಾಸ್‌ವೆಲ್‌ನಿಂದ ಈಚೆಯದು ವಿ3. ಇನ್ನೂ ಅಗಲವಾದ 512 ಬಿಟ್‌ನ ಆದೇಶಗಳಿದ್ದರೆ ವಿ4. ಸರ್ವರ್‌ಗಳ ಲೋಕದಲ್ಲಿ ದೊಡ್ಡ ಹೆಸರಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 2022ರ 9ನೇ ಆವೃತ್ತಿಗೆ ವಿ2 ಬೇಕೆಂದಿತು. 2025ರ 10ನೇ ಆವೃತ್ತಿಗೆ ವಿ3 ಬೇಕೆಂದಿತು. ಅದೇ ದಾರಿಯಲ್ಲಿ ನಡೆಯುವ ಆಲ್ಮಾಲಿನಕ್ಸ್ ತನ್ನ 10ನೇ ಆವೃತ್ತಿಯಲ್ಲಿ ವಿ2 ಯಂತ್ರಗಳಿಗೂ ಬೇರೆಯಾಗಿ ಒಂದು ಪ್ರತಿ ಕೊಡುತ್ತಿದೆ. ಡೆಬಿಯನ್ 13 ಈಗಲೂ ವಿ1 ಇದ್ದರೆ ಸಾಕು ಎನ್ನುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 2013ರ ನಂತರ ಕೊಂಡಿದ್ದು, ಹಾಗಾಗಿ ವಿ3 ಇದ್ದೇ ಇರುತ್ತದೆ ಎಂದು ನಂಬಬೇಡಿ. ಪೆಂಟಿಯಂ, ಸೆಲೆರಾನ್ ಹೆಸರಿನ ಅಗ್ಗದ ಚಿಪ್‌ಗಳಲ್ಲಿ ಬಹಳ ವರ್ಷ ಎವಿಎಕ್ಸ್2 ಇರಲೇ ಇಲ್ಲ. ನಮ್ಮ ಕಡೆ ಅಂಗಡಿ, ಶಾಲೆ, ಸೊಸೈಟಿಗಳಿಗೆ ಬಂದಿದ್ದು ಜಾಸ್ತಿ ಅಂಥವೇ ಅಲ್ವಾ? ಡಬ್ಬದ ಮೇಲಿನ ವರ್ಷ ನಂಬದೆ ಫ್ಲ್ಯಾಗ್ಸ್ ಸಾಲಿನಲ್ಲಿ 'ಎವಿಎಕ್ಸ್2' ಇದೆಯಾ ಎಂದು ಕಣ್ಣಾರೆ ನೋಡಿ.

ಸರಿ, ಎಂಟು ತಾಳಿನ ಚಿಪ್ ಇದೆ ಎಂದುಕೊಳ್ಳೋಣ. ವಿ1ಗೆ ತಯಾರಾದ ಸಿಸ್ಟಮ್ ಹಾಕಿದರೆ ಅದರ ಶಕ್ತಿ ವ್ಯರ್ಥವಾಗುತ್ತದಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಓದಿದಾಗ ತಿಳಿದದ್ದು ಬೇರೆ. ಲಿನಕ್ಸಿನ ಮೂಲ ಲೈಬ್ರರಿ ಒಂದೇ ಕೆಲಸವನ್ನು ಹಲವು ರೀತಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮೆಮೊರಿ ನಕಲು ಮಾಡುವುದು, ಪಠ್ಯದ ಉದ್ದ ಅಳೆಯುವುದು, ಇಂಥ ಪದೇ ಪದೇ ಬರುವ ಕೆಲಸಗಳನ್ನು. ಪ್ರೋಗ್ರಾಂ ಶುರುವಾಗುವಾಗ ಅದು ಚಿಪ್ಪನ್ನು ನೋಡಿ, ಸರಿಹೊಂದುವ ರೀತಿಯನ್ನು ಆರಿಸುತ್ತದೆ. ಮನೆಯಲ್ಲಿ ಎರಡೂ ಕೂರಿಗೆ ಇಟ್ಟುಕೊಂಡು, ಎತ್ತುಗಳನ್ನು ನೋಡಿ ಯಾವುದನ್ನು ಹೂಡಬೇಕೆಂದು ತೀರ್ಮಾನಿಸಿದ ಹಾಗೆ. ಎನ್‌ಕ್ರಿಪ್ಷನ್ ಕೆಲಸವೂ ಹೀಗೆಯೇ ನಡೆಯುತ್ತದೆ. ಆದ್ದರಿಂದ ವಿ1 ಸಿಸ್ಟಮ್ ಎಂದರೆ ಹೊಸ ಚಿಪ್ಪನ್ನು ಕಟ್ಟಿಹಾಕುವ ಸಿಸ್ಟಮ್ ಅಲ್ಲ.

ಮತ್ತೆ, ಕೂರಿಗೆ ಎಷ್ಟೇ ಅಗಲವಿದ್ದರೂ ಬಟ್ಟಲಿಗೆ ಬೀಜ ಹಾಕುವವಳ ಕೈ ಓಡುವಷ್ಟೇ ಕೆಲಸ ಓಡುವುದು. ದಲಾಲಿ ಅಂಗಡಿಯ ಸರ್ವರ್‌ನಲ್ಲಿ ಆ ಕೈ ಹಾರ್ಡ್ ಡಿಸ್ಕ್. ಚಿಪ್ ಹೆಚ್ಚು ಹೊತ್ತು ಡಿಸ್ಕಿಗೆ, ನೆಟ್‌ವರ್ಕಿಗೆ ಕಾಯುತ್ತಾ ಕೂತಿರುತ್ತದೆ. ವಿಡಿಯೊ ಪರಿವರ್ತನೆ, ಚಿತ್ರಗಳ ಸಂಸ್ಕರಣೆ, ವೈಜ್ಞಾನಿಕ ಲೆಕ್ಕ, ಇಂಥ ಕೆಲಸಗಳಿಗೆ ವಿ3 ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಫೈಲು ಹಂಚುವ, ಲೆಕ್ಕ ಇಡುವ ಪೆಟ್ಟಿಗೆಗೆ ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದೇ ದೊಡ್ಡ ಸುಧಾರಣೆ.

ಹಾಗಾದರೆ 32 ಬಿಟ್ಟನ್ನೂ ಹಾಗೇ ಇಟ್ಟುಕೊಳ್ಳಬಹುದಲ್ಲ ಎಂದು ಗೆಳೆಯ ಕೇಳಿದ. ಇಲ್ಲಿ ನನ್ನ ಮಾತು ಗಟ್ಟಿ. ಸರ್ವರ್‌ಗೆ ಬೇಡ. ವೇಗದ ಕಾರಣಕ್ಕಲ್ಲ. ನೋಡಿಕೊಳ್ಳುವ ಜನ ಕಡಿಮೆಯಾಗಿದ್ದಾರೆ ಎಂಬ ಕಾರಣಕ್ಕೆ.

2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ದೋಷ ಬಯಲಾಯಿತು. ಒಂದು ಸಾಧಾರಣ ಪ್ರೋಗ್ರಾಂ ಕರ್ನಲ್‌ನ, ಅಂದರೆ ಸಿಸ್ಟಮ್‌ನ ತಿರುಳಿನ, ಗುಟ್ಟಿನ ಮೆಮೊರಿಯನ್ನು ಓದಬಹುದಾಗಿತ್ತು. 64 ಬಿಟ್ ಲಿನಕ್ಸ್‌ಗೆ ಅದರ ತಡೆ ಅದೇ ತಿಂಗಳಲ್ಲಿ ಕರ್ನಲ್‌ನ 4.15ನೇ ಆವೃತ್ತಿಯ ಜೊತೆ ಬಂತು. 32 ಬಿಟ್‌ಗೆ ಬಂದಿದ್ದು 4.19ರಲ್ಲಿ, ಅಂದರೆ ಅಕ್ಟೋಬರಿನಲ್ಲಿ. ಸುಮಾರು ಒಂಬತ್ತು ತಿಂಗಳು! ಯಾರದೂ ಸೋಮಾರಿತನವಲ್ಲ. ಬಳಸುವವರು ಕಡಿಮೆಯಾದ ಕಡೆ ಪರೀಕ್ಷೆ ಮಾಡುವವರೂ ಕಡಿಮೆ, ದುರಸ್ತಿ ಮಾಡುವವರೂ ಕಡಿಮೆ. ಮಳೆಗಾಲದಲ್ಲಿ ಹೆಚ್ಚು ಜನ ಓಡಾಡುವ ರಸ್ತೆಯ ಗುಂಡಿ ಮೊದಲು ಮುಚ್ಚುತ್ತದೆ.

386 ಚಿಪ್‌ನ ಕತೆ ನನ್ನನ್ನು ಈಗಲೂ ಕಾಡುತ್ತದೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆಯಲು ಶುರು ಮಾಡಿದ್ದೇ ಒಂದು 386 ಯಂತ್ರದ ಮೇಲೆ. 2012ರ ಡಿಸೆಂಬರಿನಲ್ಲಿ ಲಿನಕ್ಸ್ ಆ ಚಿಪ್‌ನ ಬೆಂಬಲವನ್ನೇ ತೆಗೆದುಹಾಕಿತು. ಅದೊಂದು ಹಳೆಯ ಚಿಪ್‌ಗಾಗಿ ಬೇರೆ ಎಲ್ಲರ ಕೋಡಿನಲ್ಲೂ ತೊಡಕು ಉಳಿಸಿಕೊಳ್ಳಬೇಕಿತ್ತು. ತೆಗೆದವರ ಕಷ್ಟ ನನಗೆ ಅರ್ಥವಾಗುತ್ತದೆ. ಹುಟ್ಟಿದ ಮನೆ ಕೆಡವಿದ ಹಾಗೆ ಅನ್ನಿಸುವುದೂ ನಿಜ.

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಐ386ಗೆ ಕರ್ನಲ್ ಇಲ್ಲ, ಇನ್‌ಸ್ಟಾಲರ್ ಇಲ್ಲ. ಹಳೆಯ 32 ಬಿಟ್ ಪ್ರೋಗ್ರಾಂಗಳು 64 ಬಿಟ್ ಯಂತ್ರದಲ್ಲಿ ಓಡಲಿ ಎಂದು ಮಾತ್ರ ಆ ಭಾಗವನ್ನು ಇಟ್ಟಿದ್ದಾರೆ. ಇನ್ನೊಂದು ವಿಷಯವೂ ಇದೆ. ಹಳೆಯ 32 ಬಿಟ್ ಸಾಫ್ಟ್‌ವೇರ್ 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿದೆ. ಆ ಎಣಿಕೆ 2,14,74,83,647ಕ್ಕೆ ತುಂಬುತ್ತದೆ. ನಮ್ಮ ಸಮಯದಲ್ಲಿ ಅದು 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಮುಂದಿನ ಸೆಕೆಂಡಿಗೆ ಅಂಥ ಪ್ರೋಗ್ರಾಂ 1901ಕ್ಕೆ ಹೋಗಿ ನಿಲ್ಲಬಹುದು. ಡೆಬಿಯನ್ 13 ಬೇರೆ 32 ಬಿಟ್ ಚಿಪ್‌ಗಳಿಗೆ ಈ ಎಣಿಕೆಯನ್ನು 64 ಬಿಟ್‌ಗೆ ಬದಲಿಸಿತು. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಐ386ಅನ್ನು ಮಾತ್ರ ಹಾಗೇ ಬಿಟ್ಟಿತು. ರೈತರ ಬಾಕಿ, ಬಡ್ಡಿ, ತಾರೀಖು ಇಡುವ ಯಂತ್ರಕ್ಕೆ ಇದು ಸಣ್ಣ ಮಾತಲ್ಲ.

ಎಆರ್‌ಎಂ64 ಬೇರೆಯೇ ವಂಶ, ಫೋನುಗಳಿಂದ ಸರ್ವರ್‌ಗೆ ಬಂದದ್ದು. ಗೆಳೆಯನ ಪೆಟ್ಟಿಗೆಗೆ ಮೀಟರ್ ಹಾಕಿ ನೋಡಿದೆ, ಸುಮಾರು 70 ವ್ಯಾಟ್. ತಿಂಗಳಿಗೆ 50 ಯೂನಿಟ್ ಆಯಿತು. 7 ವ್ಯಾಟ್‌ನಲ್ಲಿ ಓಡುವ ಪುಟ್ಟ ಎಆರ್‌ಎಂ ಬೋರ್ಡು ಇದ್ದರೆ 5 ಯೂನಿಟ್. ಬೆಸ್ಕಾಂ ಬಿಲ್ಲು ನೋಡಿದರೆ ಅದು ಒಳ್ಳೆಯ ದಾರಿಯೇ. ಆದರೆ ಗೆಳೆಯನ ಲೆಕ್ಕದ ಸಾಫ್ಟ್‌ವೇರ್ ಎಆರ್‌ಎಂಗೆ ಸಿಗುವುದಿಲ್ಲ. ಅದು ಸಿಗುವವರೆಗೆ ಆ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಮಾಡಿದ್ದು ಇಷ್ಟು. ಶನಿವಾರ ರಾತ್ರಿ ಫೈಲುಗಳನ್ನೆಲ್ಲ ಎರಡು ಕಡೆ ನಕಲು ತೆಗೆದೆವು. ಒಂದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು, ಏಕೆಂದರೆ ತೆರೆದು ನೋಡದ ನಕಲನ್ನು ನಾನು ನಕಲು ಎನ್ನುವುದಿಲ್ಲ. 32ರ ಮೇಲೆಯೇ 64 ಕೂರಿಸುವ ಸಾಹಸ ಬೇಡವೆಂದು ಡಿಸ್ಕ್ ಒರೆಸಿ ಹೊಸದಾಗಿ ಡೆಬಿಯನ್ 13ರ ಎಎಂಡಿ64 ಹಾಕಿದೆವು. ಮೆಮೊರಿ 2 ಜಿಬಿ ಇದ್ದದ್ದು 4 ಆಯಿತು. ಹೊಸ ಎಸ್‌ಎಸ್‌ಡಿ ಬಂತು. ಕೋರ್ 2 ಡ್ಯುಯೊಗೆ ವಿ2 ಕೂಡ ಇಲ್ಲ, ಆದರೂ ಈ ಸಿಸ್ಟಮ್‌ಗೆ 2030ರವರೆಗೆ ಅಪ್‌ಡೇಟ್ ಬರುತ್ತದೆ. ಇಷ್ಟು ಹಳೆಯ ಚಿಪ್‌ನೊಳಗಿನ ಎಲ್ಲ ದೋಷವನ್ನೂ ಸಿಸ್ಟಮ್ ಮುಚ್ಚಲಾರದು. ಅದಕ್ಕೇ ಆ ಪೆಟ್ಟಿಗೆಯನ್ನು ಅಂಗಡಿಯ ಒಳಗಿನ ನೆಟ್‌ವರ್ಕಿಗೆ ಮಾತ್ರ ಬಿಟ್ಟಿದ್ದೇವೆ, ಹೊರಗಿನಿಂದ ಯಾರೂ ಅದರೊಳಗೆ ಬರಲಾಗದ ಹಾಗೆ.

ಈ ಸುದ್ದಿ ಕೇಳಿ ಜಗಳೂರು ಕಡೆಯ ಒಂದು ಹಳ್ಳಿಯ ಸೊಸೈಟಿಯಿಂದ ಕಾರ್ಯದರ್ಶಿಗಳು ಕರೆದರು. "ಸರ್, ನಮ್ಮದಕ್ಕೂ ಹೀಗೇ ಹಾಕಿಕೊಡ್ತೀರಾ?" ಅಲ್ಲಿ ಒಂದು ಹಳೆಯ ಪೆಂಟಿಯಂ 4. ಫ್ಲ್ಯಾಗ್ಸ್ ಸಾಲು ತೆಗೆದು ಎಲ್‌ಎಂ ಹುಡುಕಿದೆ. ಮತ್ತೊಂದು ಸಲ ಹುಡುಕಿದೆ. ಇರಲಿಲ್ಲ. ಅಂದೇ ಅದರ ನೆಟ್‌ವರ್ಕ್ ವೈರ್ ತೆಗೆಸಿದೆ. ಲೆಕ್ಕವೆಲ್ಲ ಎರಡು ಪೆನ್‌ಡ್ರೈವ್‌ಗೆ ಬಂತು. ಒಂದು ಸೊಸೈಟಿಯ ಬೀರುವಿನಲ್ಲಿದೆ, ಒಂದು ಕಾರ್ಯದರ್ಶಿಗಳ ಮನೆಯಲ್ಲಿ. ಗೆಳೆಯನ ಅಂಗಡಿಯ ಗಲ್ಲಾದ ಮುಂದಿನ ಕಂಪ್ಯೂಟರ್ ಬರುವ ತಿಂಗಳು ಬದಲಾಗುತ್ತದೆ. ಹಳೆಯದು ಹ್ಯಾಸ್‌ವೆಲ್ ಕಾಲದ ಐ5, ಎಂಟು ತಾಳಿನದು. ಅದನ್ನು ಸೊಸೈಟಿಗೆ ಕೊಡಲು ಅವನು ಒಪ್ಪಿದ್ದಾನೆ.