ಪಾಕ ಇಳಿಸುವ ಹೊತ್ತು

ಮಂಡ್ಯದ ಸುತ್ತಮುತ್ತಲಿನ ಯಾವ ಆಲೆಮನೆಗೆ ಹೋದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಗಾಣಕ್ಕೆ ಕಬ್ಬು ಕೊಡುವುದು ಹತ್ತು ನಿಮಿಷ ತಡವಾದರೆ ಯಾರೂ ಗಾಬರಿಯಾಗುವುದಿಲ್ಲ. ಅಂಗಳದಲ್ಲಿ ಒಣಗಿದ ಸಿಪ್ಪೆಯನ್ನು ಸಂಜೆ ಒಳಗೆ ಹಾಕಿದರೂ ನಡೆಯುತ್ತದೆ. ಕೊಪ್ಪರಿಗೆಯ ಮುಂದೆ ನಿಂತವನ ಲೆಕ್ಕವೇ ಬೇರೆ. ಆತ ಹುಟ್ಟಿನಿಂದ ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡುತ್ತಾನೆ. ಉಂಡೆ ಕಟ್ಟಿತೆಂದರೆ ಒಂದೇ ಕೂಗು: ‘ಇಳಿಸಿ!’ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬರುತ್ತಾರೆ. ತಡವಾದರೆ ಬೆಲ್ಲ ಕೆಟ್ಟಿತು.

ಕಂಪ್ಯೂಟರಿನೊಳಗೂ ಹೀಗೆ ಹದ ಮೀರಿದರೆ ಕೆಡುವ ಕೆಲಸಗಳಿವೆ. ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ನೀಲಗಾರರು ಹಾಡಿದ್ದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದ ರಾತ್ರಿ ಇದು ನನಗೆ ಮನದಟ್ಟಾಯಿತು. ತಂಬೂರಿಯ ನಾದ ತುಂಬಿಕೊಂಡಿತ್ತು, ಗಗ್ಗರ ಸ್ಪಷ್ಟವಾಗಿತ್ತು, ಆದರೆ ನಡುನಡುವೆ ‘ಟಿಕ್’ ಎಂಬ ಸದ್ದು. ಒಂದು ಕಡೆಯಂತೂ ಹಾಡಿನ ಅರ್ಧ ಪದವೇ ಕತ್ತರಿಸಿಹೋಗಿತ್ತು. ಆ ಹಾಡುಗಾರಿಕೆ ಮತ್ತೆ ಹಾಗೆಯೇ ಸಿಗುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಪ್ರೊಸೆಸರ್ ದಣಿದಿತ್ತೇ ಎಂದು ನೋಡಿದರೆ, ಅದರ ಶಕ್ತಿಯ ಮುಕ್ಕಾಲು ಪಾಲು ಖಾಲಿಯಾಗಿಯೇ ಇತ್ತು.

ಹಾಗಾದರೆ ಧ್ವನಿ ಕಳೆದುಹೋದದ್ದು ಎಲ್ಲಿ? ಮೈಕಿನಿಂದ ಬರುವ ಧ್ವನಿಯನ್ನು ಯಂತ್ರ ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಆ ಅಳತೆಗಳನ್ನು 256ರ ಕಂತುಗಳಾಗಿ ಒಯ್ಯುವಂತೆ ನಾನು ಹೊಂದಿಸಿದ್ದೆ. ಅಂದರೆ ಸುಮಾರು 5.3 ಮಿಲಿಸೆಕೆಂಡಿಗೆ ಒಂದು ಕಂತು. ತುಂಬಿದ ಕಂತನ್ನು ಧ್ವನಿಮುದ್ರಣದ ತಂತ್ರಾಂಶ ಸಮಯಕ್ಕೆ ಬಂದು ಎತ್ತಿಕೊಳ್ಳದಿದ್ದರೆ ಹೊಸ ಧ್ವನಿ ಅದರ ಮೇಲೆಯೇ ಬಂದು ಬೀಳುತ್ತದೆ. ಅದೇ ಹೊತ್ತಿಗೆ ಯಾವುದೋ ಅಪ್‌ಡೇಟ್ ಪ್ರೊಸೆಸರನ್ನು ಹಿಡಿದುಕೊಂಡಿದ್ದರೆ, ಬರೀ ಹತ್ತು ಮಿಲಿಸೆಕೆಂಡು ಕಾದರೂ ಹಾಡಿಗೆ ತೂತು ಬಿತ್ತೆಂದೇ ಲೆಕ್ಕ.

ಯಾರಿಗೆ ಯಾವಾಗ ಪ್ರೊಸೆಸರ್ ಕೊಡಬೇಕೆಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂನ ಶೆಡ್ಯೂಲರ್. ನಾಲೆಯ ನೀರುಗಂಟಿ ಇದ್ದಂತೆ. 2007ರಿಂದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿದ್ದ ಶೆಡ್ಯೂಲರ್ ಎಲ್ಲರಿಗೂ ನ್ಯಾಯವಾದ ಪಾಲು ಸಿಗಬೇಕೆಂಬ ತತ್ವದ ಮೇಲೆ ನಡೆಯುತ್ತಿತ್ತು. 2023ರಲ್ಲಿ ಅದರ ಜಾಗಕ್ಕೆ ಬಂದದ್ದು ಪಾಲಿನ ಜೊತೆಗೆ ಅವಸರವನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಆದರೂ ಪಾಲು ಸಿಗುವುದು ಬೇರೆ, ಬೇಕಾದ ಗಳಿಗೆಯಲ್ಲಿ ಸಿಗುವುದು ಬೇರೆ. ಕಟ್ಟು ಪದ್ಧತಿಯಲ್ಲಿ ನೀರು ಪಡೆಯುವ ನಮ್ಮ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭತ್ತ ಹೊಡೆಗೆ ಬಂದಾಗ ಬಾರದ ನೀರು ಮುಂದಿನ ವಾರ ಎಷ್ಟು ಬಂದರೇನು?

ಅದಕ್ಕಾಗಿಯೇ ಲಿನಕ್ಸ್‌ನಲ್ಲಿ ರಿಯಲ್ ಟೈಮ್ ಎಂಬ ಬೇರೆಯೇ ಸಾಲು ಇದೆ. ಅದರಲ್ಲಿ 1ರಿಂದ 99ರವರೆಗೆ ಆದ್ಯತೆಯ ಮೆಟ್ಟಿಲುಗಳಿವೆ. ಈ ಸಾಲಿನ ಕೆಲಸ ಎದ್ದು ನಿಂತರೆ ಸಾಮಾನ್ಯ ಕೆಲಸಗಳು ದಾರಿ ಬಿಡಲೇಬೇಕು. ಧ್ವನಿಮುದ್ರಣವನ್ನು ಈ ಸಾಲಿಗೆ ಸೇರಿಸಿದ ಮೇಲೆ ಟಿಕ್ ಸದ್ದು ನಿಂತಿತು. ಯಂತ್ರದ ವೇಗವೇನೂ ಹೆಚ್ಚಿರಲಿಲ್ಲ. ರಿಯಲ್ ಟೈಮ್ ಎಂದರೆ ವೇಗ ಎಂದು ಬಹಳ ಮಂದಿ ತಿಳಿದಿದ್ದಾರೆ, ಅದು ತಪ್ಪು. ಮೇಲಿಂದ ಮೇಲೆ ಕೆಲಸ ಬದಲಿಸಬೇಕಾದ್ದರಿಂದ ಒಟ್ಟು ದುಡಿಮೆ ತುಸು ಕಡಿಮೆಯೇ ಆಗಬಹುದು. ಇಲ್ಲಿ ಸಿಗುವುದು ವೇಳೆಯ ಭರವಸೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತನ್ನದೇ ಕೆಲಸದಲ್ಲಿ ಮುಳುಗಿರುವಾಗಲೂ ಅದನ್ನು ತಡೆದು ನಿಲ್ಲಿಸುವಂತಾಗಬೇಕೆಂದು ಸುಮಾರು ಎರಡು ದಶಕ ದುಡಿದವರಿದ್ದಾರೆ. ಅವರ ಮಾರ್ಪಾಡು ಲಿನಕ್ಸ್‌ನ ಮುಖ್ಯ ಆವೃತ್ತಿಗೆ ಪೂರ್ತಿಯಾಗಿ ಸೇರಿದ್ದು 2024ರಲ್ಲಿ. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಆದ್ಯತೆ ಕೊಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಪಾಕ ಹದಕ್ಕೆ ಬಂದಿದೆ, ಕೊಪ್ಪರಿಗೆ ಇಳಿಸುವ ಗಳ ಸಿಪ್ಪೆ ಹೊರುವ ಹುಡುಗನ ಕೈಯಲ್ಲಿದೆ, ಅವನನ್ನು ಯಾರೋ ಇನ್ನೊಂದು ಕೆಲಸಕ್ಕೆ ಕರೆದು ನಿಲ್ಲಿಸಿಕೊಂಡಿದ್ದಾರೆ ಎಂದುಕೊಳ್ಳಿ. 1997ರ ಜುಲೈನಲ್ಲಿ ಮಂಗಳ ಗ್ರಹದಲ್ಲಿಳಿದ ನಾಸಾದ ಪಾತ್‌ಫೈಂಡರ್ ನೌಕೆಯಲ್ಲಿ ಇದೇ ನಡೆಯಿತು. ಹವಾಮಾನದ ಮಾಹಿತಿ ಕೂಡಿಸುವ ಕೆಳ ಆದ್ಯತೆಯ ಕೆಲಸವೊಂದು, ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗವನ್ನು ಹಿಡಿದಿತ್ತು. ಮೇಲಿನ ಆದ್ಯತೆಯ ಕೆಲಸ ಆ ಬೀಗಕ್ಕಾಗಿ ಕಾದಿತ್ತು. ನಡುವಿನ ಆದ್ಯತೆಯವು ಬಂದು ಬೀಗ ಹಿಡಿದದ್ದನ್ನೇ ತಡೆದವು. ಗಡುವು ತಪ್ಪಿದ್ದನ್ನು ಕಂಡು ಕಂಪ್ಯೂಟರ್ ಮತ್ತೆ ಮತ್ತೆ ತನ್ನನ್ನು ತಾನೇ ಮರುಚಾಲನೆ ಮಾಡಿಕೊಂಡಿತು. ಬೀಗ ಹಿಡಿದವನಿಗೆ ಕಾಯುತ್ತಿರುವವನ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವ ಏರ್ಪಾಡು ಆ ತಂತ್ರಾಂಶದಲ್ಲಿ ಮೊದಲೇ ಇತ್ತು, ಈ ಬೀಗಕ್ಕೆ ಚಾಲೂ ಆಗಿರಲಿಲ್ಲ ಅಷ್ಟೆ. ಎಂಜಿನಿಯರುಗಳು ಭೂಮಿಯಿಂದಲೇ ಅದನ್ನು ಚಾಲೂ ಮಾಡಿದರು.

ನನಗೂ ಒಮ್ಮೆ ಈ ಸಾಲಿನ ಬಲ ಎಂಥದ್ದೆಂದು ತಿಳಿಯಿತು. ಧ್ವನಿಯ ಏರಿಳಿತ ಅಳೆಯಲು ಬರೆದ ಪುಟ್ಟ ಪ್ರೋಗ್ರಾಮಿಗೆ ರಿಯಲ್ ಟೈಮ್ ಆದ್ಯತೆ ಕೊಟ್ಟಿದ್ದೆ. ಬರೆದದ್ದರಲ್ಲಿ ತಪ್ಪಿತ್ತು, ಅದು ಪ್ರೊಸೆಸರಿನ ನಾಲ್ಕೂ ಕೋರುಗಳನ್ನು ಹಿಡಿದು ಬಿಡಲೇ ಇಲ್ಲ. ಮೌಸ್ ನಿಂತಿತು. ಪೂರ್ತಿ ನಿಲ್ಲಲಿಲ್ಲ: ಸೆಕೆಂಡಿಗೊಮ್ಮೆ ಒಂದಿಷ್ಟು ಜರುಗುತ್ತಿತ್ತು. ಇಂಥ ದಿನಕ್ಕೆಂದೇ ಲಿನಕ್ಸ್ ಪ್ರತಿ ಸೆಕೆಂಡಿನಲ್ಲಿ 50 ಮಿಲಿಸೆಕೆಂಡನ್ನು ಉಳಿದವರಿಗಾಗಿ ತೆಗೆದಿಟ್ಟಿರುತ್ತದೆ. ಪ್ರೋಗ್ರಾಮನ್ನು ಕೊಲ್ಲುವ ಆದೇಶವನ್ನು ಆ ಸಣ್ಣ ಬಿರುಕಿನಲ್ಲೇ ಟೈಪ್ ಮಾಡಿದೆ. ಒತ್ತಿದ ಅಕ್ಷರಗಳು ಎರಡು, ಮೂರು, ಮತ್ತೆ ಎರಡು ಎಂದು ಗುಂಪುಗುಂಪಾಗಿ ಪರದೆಯ ಮೇಲೆ ಮೂಡಿದವು. ಎಂಟರ್ ಒತ್ತಿ ಉಸಿರು ಬಿಗಿಹಿಡಿದೆ. ಮುಂದಿನ ಸೆಕೆಂಡಿಗೆ ಮೌಸ್ ಕೈಗೆ ಸಿಕ್ಕಿತು.