ಮಳೆಯಲ್ಲಿ ಬಾಡಿದ ತುಳಸಿ

ಆರಿದ್ರಾ ಮಳೆ ಹಿಡಿದು ಎಂಟು ದಿನವಾಗಿತ್ತು. ಧಾರವಾಡದ ಮಳೆ ಹೇಗೆ ಅಂತ ಇಲ್ಲಿದ್ದವರಿಗೆ ಗೊತ್ತು. ಧೋ ಎಂದು ಸುರಿದು ಮುಗಿಸಿಬಿಡುವುದಿಲ್ಲ. ಜಿಟಿಜಿಟಿ ಹನಿಯುತ್ತ, ನಡುನಡುವೆ ಜೋರಾಗುತ್ತ, ಬಟ್ಟೆ ಒಣಗಲು ಬಿಡದೆ ದಿನಗಟ್ಟಲೆ ಕೂತುಬಿಡುತ್ತದೆ. ಆ ವಾರ ನಮ್ಮ ಬಾಲ್ಕನಿಯ ತುಳಸಿ ಎಲೆ ಜೋತುಬಿಟ್ಟಿತು. ಬೇಸಿಗೆಯಲ್ಲಿ ನೀರು ಹಾಕಲು ಮರೆತಾಗ ಬಾಡುತ್ತದಲ್ಲ, ಥೇಟ್ ಹಾಗೇ.

"ಮಳಿ ಹನಿ ಬರೇ ಎಲಿ ಮ್ಯಾಲ ಬಿದ್ದಾವು, ಬುಡಕ್ಕ ನೀರ ಮುಟ್ಟಿಲ್ಲ ನೋಡು" ಎಂದು ಅವ್ವ ಒಂದು ತಂಬಿಗೆ ನೀರು ಹಾಕಿದಳು. ಮರುದಿನ ನಾನೂ ಹಾಕಿದೆ. ನಾಲ್ಕೇ ದಿನದಲ್ಲಿ ಕಾಂಡದ ಬುಡ ಕಪ್ಪಾಯಿತು. ಕಿತ್ತು ನೋಡಿದರೆ ಬೇರು ಮೆತ್ತಗಾಗಿ ಕೈಗೆ ಅಂಟಿತು. ಮಣ್ಣಿನಿಂದ ಕೊಳೆತ ಮೊಟ್ಟೆಯಂಥ ವಾಸನೆ.

ಮನೆಯ ತುಳಸಿ ಹೋದರೆ ಮನಸ್ಸಿಗೆ ಏನೋ ಆಗುತ್ತದೆ. ಅದರ ಜೊತೆಗೆ ನನ್ನನ್ನು ಕಾಡಿದ್ದು ಒಂದು ಪ್ರಶ್ನೆ. ಒದ್ದೆ ಮಣ್ಣಿನಲ್ಲಿ ನಿಂತ ಗಿಡ ಬಾಯಾರಿದ ಗಿಡದ ಹಾಗೆ ಯಾಕೆ ಬಾಡಿತು?

ಗಿಡ ಎಲೆಯಿಂದ ಉಸಿರಾಡುತ್ತದೆ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಬೇರೂ ಉಸಿರಾಡುತ್ತದೆ ಎನ್ನುವುದು ಮಾತ್ರ ನೆನಪಿರುವುದಿಲ್ಲ. ಎಲೆ ಹಗಲಿನಲ್ಲಿ ತನಗೆ ಬೇಕಾದ ಆಮ್ಲಜನಕವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕತ್ತಲಲ್ಲಿ ಹುದುಗಿರುವ ಬೇರಿಗೆ ಆ ಸೌಲಭ್ಯವಿಲ್ಲ. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ಇರುವ ಗಾಳಿಯೇ ಅದಕ್ಕೆ ಗತಿ. ಮಳೆ ಬಿದ್ದಾಗ ಆ ಸಂದಿಗಳಲ್ಲಿ ಗಾಳಿಯ ಬದಲು ನೀರು ತುಂಬುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇದ್ದರೆ, ಒಂದು ಲೀಟರ್ ನೀರಿನಲ್ಲಿ ಕರಗಿರುವುದು 8 ಮಿಲಿಗ್ರಾಂನ ಆಸುಪಾಸು. ಇರುವ ಅಷ್ಟೂ ಖರ್ಚಾದ ಮೇಲೆ ಹೊಸದು ಬರಬೇಕಲ್ಲ, ಅಲ್ಲೇ ದೊಡ್ಡ ತೊಡಕು. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಬೇರಿನ ಸುತ್ತ ನೀರು ನಿಂತಿತು ಎಂದರೆ ಉಸಿರು ಕಟ್ಟಿತು ಎಂದೇ ಅರ್ಥ.

ಉಸಿರು ಕಟ್ಟಿದ ಬೇರು ಸುಮ್ನೆ ಕೂರುವುದಿಲ್ಲ. ಹಿಟ್ಟು ಹುಳಿ ಬರುವ ಹಾಗೆ, ಗಾಳಿಯಿಲ್ಲದೆಯೇ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯಲು ನೋಡುತ್ತದೆ. ಇದರಿಂದ ಸಿಗುವುದು ತೀರ ಕಡಿಮೆ. ಒಂದು ಗ್ಲೂಕೋಸ್ ಕಣದಿಂದ ಗಾಳಿ ಇದ್ದಾಗ ಜೀವಕೋಶಕ್ಕೆ ಸುಮಾರು 30 ಎಟಿಪಿ ಸಿಗುತ್ತದೆ. ಎಟಿಪಿ ಎಂದರೆ ಜೀವಕೋಶದ ಚಿಲ್ಲರೆ ಹಣ ಎಂದುಕೊಳ್ಳಿ. ಗಾಳಿ ಇಲ್ಲದಾಗ ಸಿಗುವುದು ಎರಡೇ ಎರಡು. ಆಗ ಬೇರಿನ ಜೀವಕೋಶದ ಒಳಗೆ ಆಮ್ಲ ಹೆಚ್ಚುತ್ತದೆ. ಹೆಚ್ಚಿದಾಗ ಏನಾಗುತ್ತದೆ ಎನ್ನುವುದನ್ನು 2003ರಲ್ಲಿ ವಿಜ್ಞಾನಿಗಳು ಸಾಸಿವೆ ಕುಟುಂಬದ ಒಂದು ಪುಟ್ಟ ಗಿಡದಲ್ಲಿ ತೋರಿಸಿದರು. ಬೇರಿನ ಜೀವಕೋಶಗಳ ಪೊರೆಯಲ್ಲಿ ನೀರು ಒಳಬರಲೆಂದೇ ಸಣ್ಣ ಬಾಗಿಲುಗಳಿವೆ. ಅವುಗಳ ಹೆಸರು ಅಕ್ವಾಪೊರಿನ್. ಒಳಗೆ ಆಮ್ಲ ಹೆಚ್ಚಿದೊಡನೆ ಈ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಈ ಬಾಗಿಲುಗಳನ್ನು ಮೊದಲು ಗುರುತಿಸಿದ ಪೀಟರ್ ಆಗ್ರೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದೂ ಅದೇ 2003ರಲ್ಲಿ.

ಅಂದರೆ ಅವ್ವ ನೋಡಿದ್ದು ಸುಳ್ಳಲ್ಲ. ತುಳಸಿಗೆ ನಿಜವಾಗಿಯೂ ಬಾಯಾರಿಕೆಯಾಗಿತ್ತು. ಸುತ್ತ ನೀರಿತ್ತು, ಕುಡಿಯುವ ಬಾಗಿಲು ಮುಚ್ಚಿತ್ತು. ಅದಕ್ಕೆ ನಾವು ಇನ್ನಷ್ಟು ನೀರು ಹಾಕಿದೆವು.

ಹಾಗಾದರೆ ಕಲಘಟಗಿ ಕಡೆ ಭತ್ತ ತಿಂಗಳುಗಟ್ಟಲೆ ನೀರಿನಲ್ಲೇ ನಿಂತಿರುತ್ತದಲ್ಲ ಅಂತ ನೀವು ಕೇಳಬಹುದು. ಭತ್ತದ ಬೇರನ್ನು ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಟೊಳ್ಳು ಟೊಳ್ಳು ಕೊಳವೆಗಳು ಕಾಣುತ್ತವೆ. ಎಲೆಯಿಂದ ಗಾಳಿ ಆ ಕೊಳವೆಗಳಲ್ಲಿ ಇಳಿದು ಬೇರಿನ ತುದಿಯ ತನಕ ಹೋಗುತ್ತದೆ. ಕಮಲದ ದಂಟು ಮುರಿದರೂ ಇಂಥವೇ ತೂತುಗಳು ಬರಿಗಣ್ಣಿಗೆ ಕಾಣುತ್ತವೆ. ತುಳಸಿ, ಗುಲಾಬಿ, ಕರಿಬೇವಿಗೆ ಇಂಥ ಏರ್ಪಾಟು ಇಲ್ಲ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದೇ ಮಳೆ ಅಂಗಳದ ತುಳಸಿಗೂ ಬಿದ್ದಿತ್ತು. ಅದು ಸೊಂಪಾಗಿತ್ತು. ಕುಂಡದಲ್ಲಿದ್ದದ್ದೇ ಯಾಕೆ ಹೋಯಿತು? ಇದಕ್ಕೆ ಉತ್ತರ ಅಡುಗೆಮನೆಯಲ್ಲೇ ಸಿಗುತ್ತದೆ. ಪಾತ್ರೆ ತಿಕ್ಕುವ ಸ್ಪಂಜನ್ನು ನೀರಲ್ಲಿ ಪೂರ್ತಿ ನೆನೆಸಿ. ಅಡ್ಡಲಾಗಿ, ಮಲಗಿಸಿದ ಹಾಗೆ ಹಿಡಿಯಿರಿ. ಒಂದಿಷ್ಟು ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಹಿಂಡಬೇಡಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಇಳಿಯುತ್ತದೆ! ಸ್ಪಂಜು ಅದೇ, ತೂತುಗಳೂ ಅವೇ. ಬದಲಾದದ್ದು ಎತ್ತರ ಮಾತ್ರ.

ಸಣ್ಣ ಸಂದಿಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಬತ್ತಿ ಎಣ್ಣೆಯನ್ನು ಹಿಡಿದ ಹಾಗೆ. ನೀರಿನ ಭಾರ ಅದನ್ನು ಕೆಳಗೆ ಎಳೆಯುತ್ತದೆ. ತಳದಲ್ಲಿ ಈ ಎರಡೂ ಸರಿಸಮವಾಗುವ ಒಂದು ಪಟ್ಟಿ ಇರುತ್ತದೆ. ಅಲ್ಲಿಯ ನೀರು ತೂತು ಇದ್ದರೂ ಹೊರಗೆ ಹೋಗುವುದಿಲ್ಲ. ಹೊಲದಲ್ಲಿ ಮಣ್ಣು ಆಳವಾಗಿರುವುದರಿಂದ ಆ ಪಟ್ಟಿ ಬೇರಿಗಿಂತ ಎಷ್ಟೋ ಕೆಳಗೆ ಉಳಿಯುತ್ತದೆ. ಕುಂಡದ ಆಳವೇ ಒಂದು ಗೇಣು. ಅದರಲ್ಲಿ ನಾಲ್ಕು ಬೆರಳು ಒದ್ದೆ ಪಟ್ಟಿಯಾದರೆ ಬೇರಿಗೆ ಉಳಿಯುವುದೆಷ್ಟು?

ಕುಂಡದ ತಳಕ್ಕೆ ಹರಳು, ಜಲ್ಲಿ ಹಾಕುವ ರೂಢಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಾನೂ ವರ್ಷಗಟ್ಟಲೆ ಹಾಕಿದ್ದೇನೆ. ನೀರು ಸರಾಗ ಇಳಿಯುತ್ತದೆ ಅಂತ ನಂಬಿಕೆ. ಆದರೆ ಸಣ್ಣ ಸಂದಿಯಲ್ಲಿ ಹಿಡಿದಿಟ್ಟ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಅಲ್ಲಿ ಪೂರ್ತಿ ತೋಯ್ದು ತೊಪ್ಪೆಯಾದ ಮೇಲೆಯೇ ಇಳಿಯುತ್ತದೆ. ಹೀಗಾಗಿ ಆ ಒದ್ದೆ ಪಟ್ಟಿ ಜಲ್ಲಿಯ ಮೇಲಕ್ಕೆ ಏರುತ್ತದೆ, ಬೇರಿಗೆ ಇನ್ನೂ ಹತ್ತಿರ. ತೂತಿನ ಮೇಲೆ ಒಂದು ಹಂಚಿನ ಚೂರು ಬೋರಲು ಹಾಕಿದರೆ ಸಾಕು, ಮಣ್ಣು ಜಾರಿ ಹೋಗದ ಹಾಗೆ. ಜೋರು ಮಳೆ ಬಿದ್ದ ಮೇಲೆ ಕುಂಡದ ಒಂದು ಬದಿಗೆ ಇಟ್ಟಂಗಿ ಇಟ್ಟು, ತೂತು ಕೆಳಮಗ್ಗುಲಿಗೆ ಬರುವ ಹಾಗೆ ಅರ್ಧ ತಾಸು ವಾಲಿಸಿಡಿ. ಸ್ಪಂಜಿನಿಂದ ಇಳಿದ ಹಾಗೆ ಇನ್ನೊಂದಿಷ್ಟು ನೀರು ಇಳಿಯುವುದನ್ನು ಕಣ್ಣಾರೆ ನೋಡಬಹುದು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ, ಎರಿ ಮಣ್ಣು, ಅಂದರೆ ಕಪ್ಪು ಜೇಡಿಮಣ್ಣು. ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆ ಹೋದರೆ ಎಲ್ಲೆಲ್ಲೂ ಎರಿ ಹೊಲ. ಊರಿಂದ ಬರುವಾಗ ಒಂದು ಚೀಲ ಹೊಲದ ಮಣ್ಣು ತಂದು ಕುಂಡಕ್ಕೆ ತುಂಬುವುದು ಬಹಳ ಮನೆಗಳ ರೂಢಿ. ಆ ಮಣ್ಣಿನ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಜೋಳ, ಕಡಲೆ, ಹತ್ತಿಗೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಅದರ ಗುಣವೇ ನೀರನ್ನು ಹಿಡಿದಿಡುವುದು. ಅದರಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿಕಣಗಳು ಪದರಪದರವಾಗಿದ್ದು, ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದು ಅದಕ್ಕೇ. ಮಳೆ ನಿಂತ ಮೇಲೂ ಹಿಂಗಾರಿ ಬೆಳೆ ಬರುವುದು ಈ ಗುಣದಿಂದ. ಅದೇ ಗುಣ ಒಂದು ಗೇಣಿನ ಕುಂಡದಲ್ಲಿ ಬೇರಿಗೆ ಕುತ್ತಾಗುತ್ತದೆ. ಉಬ್ಬಿದ ಜೇಡಿ ಗಾಳಿಯ ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತದೆ.

ಕುಂಡಕ್ಕೆ ಮಸಾರಿ, ಅಂದರೆ ಕೆಂಪು ಮಣ್ಣು ವಾಸಿ. ನಾನು ಎರಡು ಪಾಲು ಮಸಾರಿ, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ಕಡಲೆಕಾಳಿನಷ್ಟು ದಪ್ಪದ ಇಟ್ಟಂಗಿ ಚೂರು, ಒಂದು ಪಾಲು ಭತ್ತದ ಹೊಟ್ಟು ಹಾಕುತ್ತೇನೆ. ಉಸುಕು ಹಾಕುವುದಾದರೆ ದಪ್ಪ ಉಸುಕೇ ಬೇಕು. ನುಣ್ಣನೆಯದು ಜೇಡಿಯ ಸಂದಿಯಲ್ಲಿ ಕೂತು ಇನ್ನಷ್ಟು ಗಟ್ಟಿ ಮಾಡುತ್ತದೆ. ಪ್ಲಾಸ್ಟಿಕ್ ಪಾಟ್‌ಗಿಂತ ಮಣ್ಣಿನ ಕುಂಡ ಮಳೆಗಾಲಕ್ಕೆ ಒಳ್ಳೆಯದು, ಅದರ ಗೋಡೆಯಿಂದಲೂ ತೇವ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ.

ಗಿಡವೇ ನೀರನ್ನು ಖರ್ಚು ಮಾಡುವುದಿಲ್ಲವೇ? ಮಳೆಗಾಲದಲ್ಲಿ ಅದೂ ಕಡಿಮೆ. ಎಲೆಯಿಂದ ನೀರು ಆವಿಯಾಗಿ ಹೋಗಬೇಕಾದರೆ ಹೊರಗಿನ ಗಾಳಿ ಒಣದಾಗಿರಬೇಕು, ಬಿಸಿಲು ಇರಬೇಕು. ಬೇಸಿಗೆಯ ಮಧ್ಯಾಹ್ನದ ಬಯಲಿನಲ್ಲಿ ಬೆಳಕು ಸುಮಾರು 1,00,000 ಲಕ್ಸ್ ಇರುತ್ತದೆ. ದಟ್ಟ ಮೋಡ ಕವಿದಾಗ 10,000ಕ್ಕೂ ಕೆಳಗೆ ಬರಬಹುದು. ಮನೆಯೊಳಗೆ, ಕಿಟಕಿಯಿಂದ ದೂರದ ಟೀಪಾಯಿಯ ಮೇಲೆ, ಕೆಲವೇ ನೂರು. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ. ಗಿಡಕ್ಕೆ ಗೊತ್ತಾಗುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗಿನ ಗಿಡಗಳನ್ನು ಕಿಟಕಿಯ ಮಗ್ಗುಲಿಗೇ ತನ್ನಿ, ನೀರು ಅರ್ಧಕ್ಕಿಂತ ಕಡಿಮೆ ಮಾಡಿ. ಬೆಳಿಗ್ಗೆ ಮನಿ ಪ್ಲಾಂಟ್ ಎಲೆಯ ತುದಿಯಲ್ಲಿ ಒಂದು ಹನಿ ತೂಗುತ್ತಿರುತ್ತದೆ, ನೋಡಿದ್ದೀರಾ? ಅದು ಇಬ್ಬನಿಯಲ್ಲ. ಆವಿಯಾಗಲು ಆಗದ ನೀರನ್ನು ಬೇರು ಕೆಳಗಿನಿಂದ ಒತ್ತಿ, ಎಲೆಯಂಚಿನ ಸಣ್ಣ ತೂತುಗಳಿಂದ ಹೊರಹಾಕುತ್ತಿದೆ. ಆ ಹನಿ ಕಂಡ ದಿನ ನೀರು ಹಾಕಲೇಬೇಡಿ.

ಉಸಿರು ಕಟ್ಟಿ ಸೋತ ಬೇರಿಗೆ ಕೊನೆಯ ಪೆಟ್ಟು ಕೊಡುವ ಜೀವಿಗಳೇ ಬೇರೆ. ಪಿಥಿಯಂ, ಫೈಟಾಫ್ತೊರಾ ಅಂತ ಹೆಸರು. ನೋಡಲು ಬೂಷ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರಗಳಲ್ಲ. ಅವುಗಳ ಬೀಜಕಣಗಳಿಗೆ ಎರಡೆರಡು ಬಾಲಗಳಿರುತ್ತವೆ, ಮಣ್ಣಿನ ನೀರಿನಲ್ಲಿ ಈಜಿಕೊಂಡು ಬೇರನ್ನು ಹುಡುಕಿ ಬರುತ್ತವೆ. ಶಿರಸಿ ಕಡೆಯ ನೆಂಟರು ಮಳೆಗಾಲ ಬಂತೆಂದರೆ ಅಡಿಕೆಯ ಕೊಳೆರೋಗಕ್ಕೆ ಹೆದರುತ್ತಾರಲ್ಲ, ಅದನ್ನು ತರುವುದೂ ಇದೇ ಫೈಟಾಫ್ತೊರಾ ಬಳಗ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಆ ರೋಗದ ಬಗ್ಗೆ ವಿವರವಾಗಿ ಬರೆದಿದ್ದರು. ತೋಟಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೊ ದ್ರಾವಣ ಬೇಕೇ ಬೇಕು. ಬಾಲ್ಕನಿಯ ನಾಲ್ಕು ಕುಂಡಗಳಿಗೆ ಬೇಡ. ಈಜಲು ನೀರಿಲ್ಲದಿದ್ದರೆ ಆ ಬೀಜಕಣಗಳು ಬೇರಿನ ತನಕ ಬರುವುದೇ ಕಷ್ಟ.

ಇಷ್ಟೆಲ್ಲ ತಿಳಿದುಕೊಂಡು ಗದಗದಲ್ಲಿರುವ ಚಿಗವ್ವನಿಗೆ ಫೋನ್ ಮಾಡಿ, ಮಳೆಗಾಲದಲ್ಲಿ ನೀರು ಹಾಕಬೇಡ ಅಂತ ಹೇಳಿದೆ. "ಎಲ್ಲಿ ಮಳಿಗಾಲವಾ? ಇಲ್ಲಿ ಬರೇ ಗಾಳಿ. ನನ್ನ ಮಲ್ಲಿಗಿ ಒಣಗಾಕ ಹತ್ತೈತಿ" ಎಂದಳು. ಅವಳ ಮಾತು ಸರಿ. ಹುಬ್ಬಳ್ಳಿಯಿಂದ ಗದಗ ಅರವತ್ತು ಕಿಲೋಮೀಟರ್ ಆಸುಪಾಸು, ಆದರೆ ಘಟ್ಟ ದಾಟಿ ಬರುವ ಮೋಡ ಅಲ್ಲಿಗೆ ಹೋಗುವ ಹೊತ್ತಿಗೆ ಹಗುರಾಗಿರುತ್ತದೆ. ಗಾಳಿ ಮಾತ್ರ ಜೋರು. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ನೆ ಅಲ್ಲ. ಆ ಗಾಳಿ ಎಲೆಯ ಸುತ್ತಲಿನ ತೇವವನ್ನು ಹೊತ್ತೊಯ್ದು ಕುಂಡವನ್ನು ಒಂದೇ ದಿನದಲ್ಲಿ ಒಣಗಿಸಬಲ್ಲದು. ಅವಳ ಮಲ್ಲಿಗೆಗೆ ನೀರೂ ಬೇಕು, ಗಾಳಿಗೆ ಒಂದು ಮರೆಯೂ ಬೇಕು.

ಆಮೇಲೆ ನಮ್ಮ ಮನೆಯನ್ನೇ ನೋಡಿದೆ. ಮಳೆ ಬರುವುದು ನೈಋತ್ಯದಿಂದ. ಪಡುವಣ ಬಾಲ್ಕನಿ ತೊಯ್ದು ತೊಪ್ಪೆ. ಮೂಡಣ ಕಡೆಯ ಸಜ್ಜದ ಕೆಳಗೆ ಹನಿಯೂ ಬೀಳುವುದಿಲ್ಲ. ಅಲ್ಲಿಟ್ಟ ಕನಕಾಂಬರ ಜುಲೈ ತಿಂಗಳಲ್ಲೇ ಒಣಗುತ್ತಿತ್ತು! ಒಂದೇ ಮನೆಯಲ್ಲಿ ಧಾರವಾಡವೂ ಇತ್ತು, ಗದಗವೂ ಇತ್ತು. ಈಗ ಲೋಳಸರ, ಅಡೀನಿಯಂ, ಸ್ನೇಕ್ ಪ್ಲಾಂಟ್‌ಗಳೆಲ್ಲ ಮಳೆಗಾಲ ಪೂರ್ತಿ ಮೂಡಣಕ್ಕೆ. ಅವುಗಳ ಮೂಲ ಅರಬ್ ನಾಡು, ಆಫ್ರಿಕಾ. ಬ್ರಹ್ಮಕಮಲ ಅಂತ ನಾವು ಕರೆಯುವ, ರಾತ್ರಿ ಅರಳುವ ಗಿಡ ಮಾತ್ರ ಮಳೆಗೆ ಹಿಗ್ಗುತ್ತದೆ. ಅದು ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿ. ಮೈಗೆಲ್ಲ ಮಳೆ ಬೇಕು, ಬೇರಿನ ಬಳಿ ನೀರು ನಿಲ್ಲಬಾರದು. ನಮ್ಮ ಘಟ್ಟದ ಸೀತಾಳೆ ದಂಡೆ ಎಂಬ ಆರ್ಕಿಡ್ ಇನ್ನೂ ಒಂದು ಹೆಜ್ಜೆ ಮುಂದೆ, ಬೇರನ್ನು ಗಾಳಿಯಲ್ಲೇ ಇಳಿಬಿಟ್ಟು ಬದುಕುತ್ತದೆ. ಅದನ್ನು ಕಾಡಿನಿಂದ ಕಿತ್ತು ತರಬೇಡಿ, ದಯವಿಟ್ಟು.

ಮಳೆ ನೀರು ಹರಿದು ಹೋಗುವಾಗ ಮಣ್ಣಿನ ಸಾರಜನಕವನ್ನೂ ತೊಳೆದು ಒಯ್ಯುತ್ತದೆ, ಹಳೆಯ ಎಲೆ ಹಳದಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಕುಂಡದ ಕೆಳಗಿನ ತಟ್ಟೆಗಳನ್ನು ಮಳೆಗಾಲದಲ್ಲಿ ತೆಗೆದೇಬಿಡಿ. ಬೇರಿಗೂ ಕೆಡುಕು, ಡೆಂಗಿ ಸೊಳ್ಳೆಗೂ ಅದೇ ತೊಟ್ಟಿಲು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕಾಗುತ್ತದೆ. ತಟ್ಟೆ ಬೇಕೇ ಬೇಕಿದ್ದರೆ ಎರಡು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ.

ಹೋದ ತುಳಸಿಯ ಮಂಜರಿಯಿಂದ ಪಕ್ಕದ ಕುಂಡದಲ್ಲಿ ಸಸಿಗಳು ಎದ್ದಿದ್ದವು. ಒಂದನ್ನು ಹೊಸ ಮಿಶ್ರಣ ಹಾಕಿದ ಮಣ್ಣಿನ ಕುಂಡಕ್ಕೆ ನೆಟ್ಟು ಮೂಡಣದ ಸಜ್ಜದ ಕೆಳಗೆ ಇಟ್ಟಿದ್ದೇವೆ. ತುಳಸಿ ಲಗ್ನದ ಹೊತ್ತಿಗೆ ಮೊಳದುದ್ದ ಆಗಬಹುದು. ನೀರು ಹಾಕಬೇಕೋ ಬೇಡವೋ ಎನ್ನಲು ಒಂದು ಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಲ್ಲಿ ಇಳಿಸಿ ನೋಡು ಅಂತ ಅವ್ವನಿಗೆ ಹೇಳಿಕೊಟ್ಟಿದ್ದೆ. ಅವಳು ಅದಕ್ಕಿಂತ ಒಳ್ಳೆಯ ದಾರಿ ಕಂಡುಕೊಂಡಿದ್ದಾಳೆ. ದಿನಾ ಬೆಳಿಗ್ಗೆ ತಂಬಿಗೆ ಕೆಳಗಿಟ್ಟು, ಕುಂಡದ ಅಂಚು ಹಿಡಿದು ಸ್ವಲ್ಪ ಎತ್ತಿ ನೋಡುತ್ತಾಳೆ. "ಇನ್ನೂ ವಜ್ಜಿ ಐತಿ. ಇವತ್ತ ಬ್ಯಾಡ."