ರೀಫ್ ಟ್ಯಾಂಕಿನಲ್ಲಿ ಆಕ್ಟಿವೇಟೆಡ್ ಕಾರ್ಬನ್: ಏನು ಹಿಡಿಯುತ್ತದೆ, ಏನು ಬಿಡುತ್ತದೆ

ರೀಫ್ ಟ್ಯಾಂಕ್ ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ. ಅದರ ನೀರು ಸೋಸಲು ಹಾಕುವ ಆಕ್ಟಿವೇಟೆಡ್ ಕಾರ್ಬನ್ ಅಂದರೆ ಹದಮಾಡಿದ ಇದ್ದಿಲು. ತೆಂಗಿನ ಕರಟವನ್ನೋ ಕಲ್ಲಿದ್ದಲನ್ನೋ ಗಾಳಿ ಸೋಕದಂತೆ ಕರಕು ಮಾಡುತ್ತಾರೆ. ಆಮೇಲೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಅಥವಾ ಅದಕ್ಕೂ ಮೀರಿದ ಬಿಸಿಯಲ್ಲಿ ಹಬೆ ಹಾಯಿಸುತ್ತಾರೆ. ಆಗ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಬೀಳುತ್ತವೆ. ಒಳ್ಳೆಯ ಕಾರ್ಬನ್‌ನ ಒಂದೇ ಗ್ರಾಮಿನಲ್ಲಿ ಈ ತೂತುಗಳ ಒಳಮೈ ಸುಮಾರು 1000 ಚದರ ಮೀಟರ್ ಇರುತ್ತದೆ. ಡೊಂಬಿವಲಿಯ 500 ಚದರಡಿ ಫ್ಲ್ಯಾಟ್‌ಗಳು ಇಪ್ಪತ್ತು ಸೇರಿದಷ್ಟು! ನೀರಿನಲ್ಲಿ ಕರಗಿದ ಸಾವಯವ ಕೊಳೆ ಅಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೆ.

ನೀರಿನ ಹಳದಿ ಬಣ್ಣ ಹೋಗಲಿ ಅಂತಲೇ ಬಹಳ ಜನ ಇದನ್ನು ಹಾಕುವುದು. ನನಗೆ ಅದಕ್ಕಿಂತ ದೊಡ್ಡ ಕಾರಣ ಹವಳಗಳ ಜಗಳ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅವುಗಳ ಆಸೆಯನ್ನೇ ಬಿಡಬೇಕು. ಉಳಿದದ್ದು ಲೆದರ್, ಮಶ್ರೂಮ್‌ನಂಥ ಮೆತ್ತನೆಯ ಹವಳಗಳು. ಇವುಗಳಲ್ಲಿ ಹಲವು ಜಾಗಕ್ಕಾಗಿ ಪಕ್ಕದ ಹವಳದ ಮೇಲೆ ವಿಷದಂಥ ರಾಸಾಯನಿಕ ಬಿಡುತ್ತವೆ. ಸಮುದ್ರದಲ್ಲಾದರೆ ಅದು ನೀರಿನ ಸೆಳೆತಕ್ಕೆ ಚದುರಿ ಹೋಗುತ್ತದೆ. ಮುಲುಂಡಿನ ಮನೆಯ ಹಾಲ್‌ನಲ್ಲಿಟ್ಟ ಟ್ಯಾಂಕಿನಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತುತ್ತದೆ, ಅಲ್ವಾ? ನಮ್ಮ ಟೆಸ್ಟ್ ಕಿಟ್‌ಗಳು ಇದನ್ನು ತೋರಿಸುವುದಿಲ್ಲ. ಹವಳ ಮುದುಡಿಕೊಂಡಿರುತ್ತದೆ, ನಾವು ಲೈಟು, ಉಪ್ಪು ಅಂತ ಹುಡುಕುತ್ತಿರುತ್ತೇವೆ. (ಲೆದರ್ ಪೊರೆ ಬಿಡುವಾಗ ಕೆಲವು ದಿನ ಮುಚ್ಚಿಕೊಳ್ಳುವುದು ಸಹಜ. ಅದಕ್ಕೆ ಗಾಬರಿ ಬೇಡ.) ಕಾರ್ಬನ್ ಈ ರಾಸಾಯನಿಕಗಳನ್ನು ಬಹಳಷ್ಟು ಹಿಡಿದಿಡುತ್ತದೆ. ಮೆತ್ತನೆಯ ಹವಳಗಳು ಒತ್ತೊತ್ತಾಗಿರುವ ಟ್ಯಾಂಕಿಗೆ ಇದು ಬೇಕೇ ಬೇಕು.

ಆದರೆ ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ತೆಗೆಯಲು ಇದನ್ನು ನಂಬಬೇಡಿ. ಮುಂಬೈಯ ಗಿರ್‌ಗಾಂವ್ ಚೌಪಾಟಿಯ ಸಮುದ್ರದ ನೀರು ತಂದು ಕಾರ್ಬನ್‌ನಲ್ಲಿ ಸೋಸಿದರೆ ಅದು ರೀಫ್‌ಗೆ ಆಗುವ ನೀರಾಗುವುದಿಲ್ಲ. ಆರ್‌ಒ ನೀರಿಗೆ ಉಪ್ಪು ಬೆರೆಸುವ ಕೆಲಸ ತಪ್ಪುವುದಿಲ್ಲ. ವಾರದ ನೀರು ಬದಲಾವಣೆಯೂ ಅಷ್ಟೇ. ಬ್ಯಾಕ್ಟೀರಿಯಾ ಬೆಳೆಯಲಿ ಅಂತ ವೋಡ್ಕಾ, ವಿನೆಗರ್ ಹನಿಸುವ ಕಾರ್ಬನ್ ಡೋಸಿಂಗ್ ಬೇರೆಯೇ ವಿಷಯ.

ಬಳಸುವ ಮುಂಚೆ ಕಪ್ಪು ಪುಡಿ ಹೋಗುವ ತನಕ ಆರ್‌ಒ ನೀರಿನಲ್ಲಿ ತೊಳೆಯಿರಿ. ಇದರಲ್ಲಿ ಸೋಮಾರಿತನ ಬೇಡವೇ ಬೇಡ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪುಡಿ ಜಾಸ್ತಿ ಬಿಡುವ ಲಿಗ್ನೈಟ್ (ಕಂದು ಕಲ್ಲಿದ್ದಲು) ಕಾರ್ಬನ್ ಬಳಸಿದ ನೀರಿನಲ್ಲಿದ್ದ ಸರ್ಜನ್ ಮೀನುಗಳ ತಲೆ, ಪಕ್ಕೆಯ ಚರ್ಮ ಸವೆದಿತ್ತು. ಟ್ಯಾಂಗ್ ಅಂತ ಕರೆಯುವ ಈ ಸರ್ಜನ್ ಮೀನು ಸಾಕುವವರು ಗಟ್ಟಿ ಕಾಳಿನ, ಪುಡಿ ಕಮ್ಮಿ ಬಿಡುವ ಕಾರ್ಬನ್ ಆರಿಸಿಕೊಳ್ಳುವುದು ಒಳ್ಳೆಯದು. ಬಲೆಚೀಲದಲ್ಲಿ ತುಂಬಿ ಸಂಪ್‌ನಲ್ಲಿ (ಟ್ಯಾಂಕಿನ ಕೆಳಗೆ ನೀರು ಸೋಸುವ ತೊಟ್ಟಿ) ನೀರು ಹರಿಯುವ ಜಾಗದಲ್ಲಿಡಿ. ಮೊದಲ ಸಲ ಸ್ವಲ್ಪವೇ ಹಾಕಿ. ನೀರು ಒಮ್ಮೆಲೇ ತಿಳಿಯಾದರೆ ಬೆಳಕು ಜಾಸ್ತಿ ಇಳಿದು ಹವಳ ಬಿಳಚಿಕೊಳ್ಳಬಹುದು.

ಮೂರ್ನಾಲ್ಕು ವಾರಕ್ಕೆ ಹಳೆಯದನ್ನು ಎಸೆದು ಹೊಸದು ಹಾಕಿ. ಬಿಸಿಲಿಗಿಟ್ಟರೂ ಕುದಿಸಿದರೂ ಅದು ಮತ್ತೆ ಹೊಸದಾಗದು. ಮೀನಿಗೆ ಔಷಧಿ ಹಾಕುವಾಗ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಔಷಧಿಯನ್ನೂ ಅದೇ ಹೀರುತ್ತದೆ. ಸೊಸೈಟಿಯಲ್ಲಿ ಪೆಸ್ಟ್ ಕಂಟ್ರೋಲ್ ಇರುವ ದಿನವಂತೂ ತಾಜಾ ಕಾರ್ಬನ್ ಟ್ಯಾಂಕಿನಲ್ಲಿರಲಿ. ಗಾಳಿಗುಳ್ಳೆಗಳಿಂದ ಕೊಳೆ ತೆಗೆಯುವ ಸ್ಕಿಮ್ಮರ್ ಯಂತ್ರ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತದೆ. ಕೀಟನಾಶಕಕ್ಕೆ ಮೊದಲು ಬಲಿಯಾಗುವುದು ಸಿಗಡಿ, ಏಡಿಗಳು. ಸ್ಪ್ರೇ ಹೊಡೆಯುವಷ್ಟು ಹೊತ್ತು ಸ್ಕಿಮ್ಮರ್ ಆರಿಸಿ, ವಾಸನೆ ಪೂರ್ತಿ ಹೋದ ಮೇಲೆ ಹಾಕಿ.